ಮುಖ ನೋಡುವ ಆಟದಿಂದ ನನ್ನ ಅಂಜಿಕೆ ಹೋಗಲಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ, ಜನರೆದುರು ಅಂಜುವವರಿಗೆ ಹೊಸ ಚಿಕಿತ್ಸೆ ಬಂದಿದೆ ಎಂಬ ಬರಹ ಓದಿದೆ. ಮಾತ್ರೆಯೂ ಬೇಡ, ಆಪ್ತಸಮಾಲೋಚನೆಯೂ ಬೇಡ, ದಿನಕ್ಕೆ ಹತ್ತು ನಿಮಿಷ ಮೊಬೈಲ್‌ನಲ್ಲಿ ಮುಖಗಳನ್ನು ನೋಡುತ್ತ ಮೆದುಳನ್ನು ಪಳಗಿಸಿದರೆ ಸಾಕು ಎಂಬುದು ಅದರ ಸಾರ. ಅದೇ ಪುಟದ ಕೆಳಗೆ ಅಂಥದ್ದೊಂದು ಆ್ಯಪ್‌ನ ಜಾಹೀರಾತೂ ಇತ್ತು. ಬರೆದವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಆ ಹತ್ತು ನಿಮಿಷವನ್ನು ಮೂರು ತಿಂಗಳು, ಒಂದು ದಿನವೂ ತಪ್ಪಿಸದೆ ಮಾಡಿದವಳು ನಾನು. ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಹೇಳದೆ ಸುಮ್ಮನಿದ್ದರೆ ತಪ್ಪಾಗುತ್ತದೆ. ಪತ್ರ ಉದ್ದವಾದರೆ ಕ್ಷಮಿಸಿ. ಕತ್ತರಿಸಲೇಬೇಕಾದರೆ ನನ್ನ ಕಥೆ ಕತ್ತರಿಸಿ, ಆಸ್ಪತ್ರೆಯ ಮಾತು ಉಳಿಸಿ.

ನಾನು ಬೆಟಗೇರಿಯವಳು, ವಯಸ್ಸು 39. ಅಪ್ಪ ಕೈಮಗ್ಗದ ನೇಕಾರರು. ಹದಿನೇಳು ವರ್ಷದಿಂದ ಗದುಗಿನ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಮಾಡುತ್ತೇನೆ, ಪ್ರೂಫ್ ತಿದ್ದುತ್ತೇನೆ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರಿ ಸಂಘದ ವಾರ್ಷಿಕ ವರದಿ, ವರ್ಷಕ್ಕೊಂದೆರಡು ಕವನ ಸಂಕಲನ. ಈ ಕೆಲಸ ಯಾಕೆ ಹಿಡಿದೆ ಎಂದು ಯಾರಾದರೂ ಕೇಳಿದರೆ ಅಕ್ಷರದ ಮೇಲಿನ ಪ್ರೀತಿ ಎನ್ನುತ್ತಿದ್ದೆ. ಅದು ಅರ್ಧ ನಿಜ. ಕಂಪ್ಯೂಟರು ಗೋಡೆಯ ಕಡೆ ಮುಖ ಮಾಡಿತ್ತು, ಗಿರಾಕಿಗಳು ಬಂದು ನಿಲ್ಲುವ ಕೌಂಟರು ನನ್ನ ಬೆನ್ನ ಹಿಂದೆ ಇತ್ತು. ಉಳಿದರ್ಧ ಅದು.

ಏಳು ವರ್ಷದ ಹಿಂದೆ ಲಗ್ನದ ಸೀಜನ್ನಿನಲ್ಲಿ ಒಂದು ಪತ್ರಿಕೆ ಬಂತು. ಗಿರಾಕಿ ಬರೆದುಕೊಟ್ಟ ಹಾಳೆಯಲ್ಲಿ ವರನ ಅಜ್ಜನ ಹೆಸರಿನ ಮುಂದೆ ಶಾಯಿ ಹರಡಿತ್ತು. ಅಲ್ಲಿರುವುದು ‘ಶ್ರೀ’ಯೋ ‘ದಿ.’ಯೋ ಗೊತ್ತಾಗುತ್ತಿರಲಿಲ್ಲ. ಹಾಳೆಯ ಮೇಲೆಯೇ ಫೋನ್ ನಂಬರು ಇತ್ತು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ನಂಬರು ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮತ್ತೆ ಒತ್ತಿದೆ. ಏನು ಕೇಳಬೇಕೆಂಬುದನ್ನು ಹಾಳೆಯ ಮೇಲೆ ಬರೆದುಕೊಂಡೆ: ‘ನಮಸ್ಕಾರ್ರೀ, ನಿಮ್ಮ ಅಜ್ಜಾರು ಅದಾರೇನ್ರಿ?’ ಹೀಗೆ ಕೇಳಿದರೆ ಅವರು ಏನಂದುಕೊಂಡಾರು ಎಂದು ಹೊಡೆದುಹಾಕಿದೆ. ಬೇರೆ ವಾಕ್ಯ ಬರೆದೆ, ಅದನ್ನೂ ಹೊಡೆದೆ. ಮೂರು ತಾಸು ಹೀಗೇ ಹೋಯಿತು. ಕೊನೆಗೆ, ಉಳಿದ ಹಿರಿಯರ ಹೆಸರಿಗೆಲ್ಲ ‘ದಿ.’ ಇದೆಯಲ್ಲ ಎಂದು ಇಲ್ಲಿಯೂ ‘ದಿ.’ ಹಾಕಿದೆ. ಐದುನೂರು ಪತ್ರಿಕೆ ಅಚ್ಚಾದವು. ಒಯ್ಯಲು ಬಂದವರು ಅದೇ ಅಜ್ಜ.

ಕೋಲೂರಿಕೊಂಡು ಬಂದಿದ್ದರು. ಕನ್ನಡಕ ಏರಿಸಿ, ಬೆರಳು ಇಟ್ಟುಕೊಂಡು ಒಂದೊಂದೇ ಸಾಲು ಓದಿದರು. ತಮ್ಮ ಹೆಸರಿನ ಹತ್ತಿರ ಬೆರಳು ನಿಂತಿತು. ಅವರು ಬೈಯಲಿಲ್ಲ. ‘ಇರ್ಲಿ ಬಿಡಬೇ ಯವ್ವಾ’ ಎಂದಷ್ಟೇ ಅಂದರು. ಮಾಲೀಕರು ಪತ್ರಿಕೆಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕಿಸಿಕೊಟ್ಟರು. ನನಗೂ ಏನೂ ಅನ್ನಲಿಲ್ಲ. ಆ ಅಜ್ಜನ ಬೆರಳು ಮಾತ್ರ ಇವತ್ತಿಗೂ ನನ್ನ ಕಣ್ಣ ಮುಂದಿದೆ. ನನಗಿರುವುದು ಬರೀ ನಾಚಿಕೆ ಅಲ್ಲವೆಂದು ಮೊದಲ ಬಾರಿಗೆ ಅನಿಸಿದ್ದು ಆವತ್ತು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಸಭಾಕಂಪ ಯಾರಿಗಿಲ್ಲ?’ ಎಂದು ಎಲ್ಲರೂ ಕೇಳುತ್ತಾರೆ. ವೇದಿಕೆ ಹತ್ತುವ ಮುಂಚೆ ಎದೆ ಬಡಿದುಕೊಂಡು, ಮಾತು ಶುರುವಾದ ಮೇಲೆ ತಣ್ಣಗಾಗುವುದು ಎಲ್ಲರಿಗೂ ಇರುವಂಥದ್ದು. ಇದು ಅದಲ್ಲ. ಎದುರಿಗಿರುವವರು ನನ್ನನ್ನು ತೂಗಿ ನೋಡುತ್ತಿದ್ದಾರೆ, ನನ್ನ ನಡುಕ ಅವರಿಗೆ ಕಾಣುತ್ತಿದೆ, ಈಗ ನಾನು ಹಗುರಾಗುತ್ತೇನೆ ಎಂಬ ಭಯ ಪಂಕ್ತಿಯಲ್ಲಿ ರೊಟ್ಟಿ ಮುರಿಯುವಾಗ, ಬ್ಯಾಂಕಿನಲ್ಲಿ ಸಹಿ ಹಾಕುವಾಗ, ಅಂಗಡಿಯಲ್ಲಿ ಚಿಲ್ಲರೆ ಕೇಳುವಾಗ ಬರುತ್ತದೆ. ವರ್ಷಗಟ್ಟಲೆ ಬಿಡದೆ ಬರುತ್ತದೆ. ಅದಕ್ಕೆ ಹೆದರಿ ಓದು ನಿಲ್ಲುತ್ತದೆ, ಕೆಲಸ ಬಿಟ್ಟುಹೋಗುತ್ತದೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ‘ಸೋಶಿಯಲ್ ಫೋಬಿಯಾ’ ಎಂಬ ಹೆಸರಿನಿಂದ ಇದಕ್ಕೆ ಪ್ರತ್ಯೇಕ ಕಾಯಿಲೆಯ ಜಾಗ ಸಿಕ್ಕಿತು. ನಮ್ಮ ಮನೆಗಳಲ್ಲಿ ಇನ್ನೂ ಸಿಕ್ಕಿಲ್ಲ.

ಗಂಡುಮಕ್ಕಳಲ್ಲಿ ಇದನ್ನು ಪುಕ್ಕಲುತನ ಎನ್ನುತ್ತಾರೆ. ಹೆಣ್ಣುಮಕ್ಕಳಲ್ಲಿ ಗುಣ ಎನ್ನುತ್ತಾರೆ. ನನ್ನ ಇಪ್ಪತ್ಮೂರನೇ ವಯಸ್ಸಿನಲ್ಲಿ ಕನ್ಯಾ ನೋಡಲು ಬಂದಿದ್ದರು. ಆರು ಕಪ್ಪು, ಆರು ಬಸಿ ಇಟ್ಟ ತಾಟು ಹಿಡಿದು ಪಡಸಾಲೆಗೆ ಬಂದೆ. ಕಪ್ಪುಗಳು ಬಸಿಯ ಮೇಲೆ ಕಿಣಿಕಿಣಿ ಅನ್ನತೊಡಗಿದವು. ಗಟ್ಟಿಯಾಗಿ ಹಿಡಿದಷ್ಟೂ ಸದ್ದು ಹೆಚ್ಚಾಯಿತು. ಮಾತಾಡುತ್ತಿದ್ದವರು ಸುಮ್ಮನಾದರು. ದೊಡ್ಡವ್ವ ಎದ್ದುಬಂದು ತಾಟು ಇಸಿದುಕೊಂಡು, ‘ಭಾಳ ಮರ್ಯಾದಸ್ಥ ಹುಡುಗಿ ಐತ್ರಿ, ನಾಚಕೊಂತಾಳ’ ಎಂದಳು. ಬಂದವರಿಗೂ ಅದು ಮೆಚ್ಚುಗೆಯಾಯಿತು. ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ನಿಶ್ಚಯಕ್ಕೆ ಇನ್ನೂರು ಕಣ್ಣು, ಲಗ್ನಕ್ಕೆ ಸಾವಿರ ಕಣ್ಣು ಎಂದು ಲೆಕ್ಕ ಹಾಕಿ, ಒಳ್ಳೆಯ ಸಂಬಂಧವನ್ನು ನಾನೇ ಒಲ್ಲೆ ಅಂದೆ. ಆಮೇಲೆ ತೋರಿಸಿದ ಒಬ್ಬ ವೈದ್ಯರು ಐದು ನಿಮಿಷದಲ್ಲಿ, ‘ಲಗ್ನಾ ಮಾಡ್ರಿ, ಎಲ್ಲಾ ಸರಿ ಹೋಗತೈತಿ’ ಎಂದು ಕಳಿಸಿದರು. ಯಾವುದಕ್ಕೆ ಹೆದರಿ ಬಂದಿದ್ದೆನೋ ಅದನ್ನೇ ಮದ್ದೆಂದು ಬರೆದುಕೊಟ್ಟಂತಾಯಿತು.

ಇನ್ನು ನಿಮ್ಮ ಪುರವಣಿಯ ಬರಹದ ವಿಷಯ. ಗಮನದ ತರಬೇತಿ ಎಂಬ ವಿಚಾರವನ್ನು ನಾನು ತಳ್ಳಿಹಾಕುತ್ತಿಲ್ಲ. ಪ್ರೂಫ್ ತಿದ್ದುವವರಿಗೆ ಅದು ಥಟ್ಟನೆ ಹಿಡಿಸುವ ವಿಚಾರ. ಇನ್ನೂರು ಪುಟದ ಪುಸ್ತಕ ಕೊಟ್ಟರೆ ನನ್ನ ಕಣ್ಣಿಗೆ ಮೊದಲು ಬೀಳುವುದು ಬಿಟ್ಟುಹೋದ ಒತ್ತಕ್ಷರ, ‘ಷ’ ಇರಬೇಕಾದಲ್ಲಿ ಕೂತ ‘ಶ’. ಒಳ್ಳೆಯ ಸಾಲು ಕಣ್ಣಿಗೆ ಬೀಳುವುದೇ ಇಲ್ಲ. ಜನರ ನಡುವೆಯೂ ನನ್ನ ಕಣ್ಣು ಹಾಗೆಯೇ. ಇಪ್ಪತ್ತು ಜನ ನಗುತ್ತ ಕೂತಿದ್ದರೂ ಆಕಳಿಸಿದ ಒಬ್ಬರ ಮುಖ ಮಾತ್ರ ಕಾಣುತ್ತದೆ.

ಇದನ್ನು ಅಳೆಯಲು 1986ರಲ್ಲಿ ಕಾಲಿನ್ ಮೆಕ್ಲಿಯೋಡ್, ಆ್ಯಂಡ್ರೂ ಮ್ಯಾಥ್ಯೂಸ್, ಫಿಲಿಪ್ ಟಾಟಾ ಎಂಬ ಸಂಶೋಧಕರು ಒಂದು ಪರೀಕ್ಷೆ ಹೊರತಂದರು. ಪರದೆಯ ಮೇಲೆ ಎರಡು ಪದ ಅರ್ಧ ಸೆಕೆಂಡು ಕಾಣುತ್ತವೆ. ಒಂದು ಹೆದರಿಸುವ ಪದ, ಇನ್ನೊಂದು ಸಾದಾ ಪದ. ಎರಡೂ ಮಾಯವಾಗಿ ಒಂದರ ಜಾಗದಲ್ಲಿ ಚುಕ್ಕೆ ಬರುತ್ತದೆ. ಚುಕ್ಕೆ ಕಂಡ ಕೂಡಲೇ ಗುಂಡಿ ಒತ್ತಬೇಕು. ಆತಂಕ ಇರುವವರು, ಹೆದರಿಸುವ ಪದವಿದ್ದ ಜಾಗದಲ್ಲಿ ಚುಕ್ಕೆ ಬಂದರೆ ಬೇಗ ಒತ್ತುತ್ತಾರೆ, ಏಕೆಂದರೆ ಅವರ ಗಮನ ಆಗಲೇ ಅಲ್ಲಿಗೆ ಹೋಗಿ ಕೂತಿರುತ್ತದೆ. ಹಾಗಾದರೆ ಚುಕ್ಕೆಯನ್ನು ಬೇಕೆಂದೇ ಸಾದಾ ಪದದ ಜಾಗದಲ್ಲೇ ಮತ್ತೆ ಮತ್ತೆ ತೋರಿಸಿದರೆ ಗಮನಕ್ಕೂ ಹೊಸ ರೂಢಿ ಬೀಳಬಹುದಲ್ಲ ಎಂಬ ಯೋಚನೆ ಆಮೇಲೆ ಬಂತು. 2009ರಲ್ಲಿ ಅಮೆರಿಕದ ನಾದರ್ ಅಮೀರ್ ಮತ್ತು ಜೊತೆಗಾರರು, ಜನರ ಅಂಜಿಕೆಯ ಕಾಯಿಲೆ ಇದ್ದವರಿಗೆ ಪದದ ಬದಲು ಮುಖಗಳನ್ನಿಟ್ಟು ನಾಲ್ಕು ವಾರದಲ್ಲಿ ಎಂಟು ಸಲ ಈ ತರಬೇತಿ ಕೊಟ್ಟರು. ಕೊನೆಯಲ್ಲಿ ನೂರಕ್ಕೆ 50 ಜನರಲ್ಲಿ ಕಾಯಿಲೆ ಎನ್ನುವಷ್ಟು ಲಕ್ಷಣ ಉಳಿದಿರಲಿಲ್ಲ. ಹೋಲಿಕೆಗಾಗಿ ಕೊಟ್ಟ, ನೋಡಲು ಹಾಗೇ ಇದ್ದು ಗಮನವನ್ನು ತಿದ್ದದ ಹುಸಿ ತರಬೇತಿ ಪಡೆದವರಲ್ಲಿ ಹಾಗಾದದ್ದು ನೂರಕ್ಕೆ 14 ಜನರಿಗೆ. ನಿಮ್ಮ ಬರಹದಲ್ಲಿ ಬಂದದ್ದು ಇಲ್ಲಿಯವರೆಗಿನ ಕಥೆ.

ನನ್ನ ಕಥೆಯೂ ಇಲ್ಲಿಂದಲೇ ಶುರು. 2022ರಲ್ಲಿ ಅಕ್ಕನ ಮಗ ತನ್ನ ಮೊಬೈಲ್‌ನಲ್ಲಿ ಇಂಥದ್ದೇ ಆ್ಯಪ್ ತೋರಿಸಿದ. ‘ಮೌಶಿ, ಯಾರ ಮುಂದೂ ಕುಂದ್ರೂದ ಬ್ಯಾಡ, ಮನ್ಯಾಗ ಮಾಡಬೌದು’ ಎಂದ. ಯಾರ ಮುಂದೂ ಕೂಡುವುದು ಬೇಡ ಎಂಬ ಮಾತಿಗೇ ನಾನು ಸೋತೆ. ಮೂರು ತಿಂಗಳಿಗೆ 1,800 ರೂಪಾಯಿ ಕಟ್ಟಿದೆ. ಆಗ ನಾನು ಒಬ್ಬ ಮನೋವೈದ್ಯರು ಬರೆದ ಮಾತ್ರೆ ನುಂಗುತ್ತಿದ್ದೆ. ಸ್ವಲ್ಪ ಗುಣವೂ ಇತ್ತು. ಮದ್ದಿಲ್ಲದೆ ಗುಣ ಎಂದು ಆ್ಯಪ್ ಹೇಳಿತಲ್ಲ, ಯಾರನ್ನೂ ಕೇಳದೆ ಮಾತ್ರೆ ಬಿಟ್ಟೆ. ನಾಲ್ಕನೇ ದಿನದಿಂದ ತಲೆ ತಿರುಗತೊಡಗಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗುತ್ತಿತ್ತು. ನಿದ್ದೆ ಇಲ್ಲ. ಇಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ನಿಮ್ಮ ಪುರವಣಿ ಓದಿ ಯಾರಾದರೂ ಹಾಗೆ ಮಾಡಿದ್ದರೆ, ದಯವಿಟ್ಟು ನಾಳೆಯೇ ನಿಮ್ಮ ವೈದ್ಯರನ್ನು ಕಾಣಿ.

ಆಟ ಮಾತ್ರ ಬಿಡಲಿಲ್ಲ. ರಾತ್ರಿ ಊಟ ಆದ ಮೇಲೆ ಗೋಡೆಗೆ ಒರಗಿ ಕೂತು ಮಾಡುತ್ತಿದ್ದೆ. ಎರಡು ಮುಖ, ಚುಕ್ಕೆ, ಗುಂಡಿ. ಎರಡು ಮುಖ, ಚುಕ್ಕೆ, ಗುಂಡಿ. ವರ್ಷಗಟ್ಟಲೆ ಅಕ್ಷರ ನೋಡಿದ ಕಣ್ಣು, ವೇಗಕ್ಕೇನು ಕಡಿಮೆ? ಎರಡನೇ ವಾರದಿಂದಲೇ ‘ಅತ್ಯುತ್ತಮ’ ಎಂದು ಬರತೊಡಗಿತು. ಗ್ರಾಫ್ ಏರುತ್ತ ಹೋಯಿತು. ಮುಖಗಳೆಲ್ಲ ಬೇರೆ ದೇಶದವರದು. ಒಂದು ಮುಖದಲ್ಲೂ ಕುಂಕುಮ ಇಲ್ಲ, ಟೋಪಿ ಇಲ್ಲ, ಎಲೆ ಅಡಿಕೆ ಹಾಕಿದ ಬಾಯಿ ಇಲ್ಲ. ಮೂರು ತಿಂಗಳ ಕೊನೆಗೆ ಆ್ಯಪ್ ನನಗೆ ಪ್ರಮಾಣಪತ್ರ ಕೊಟ್ಟಿತು. ಮರುದಿನ ಮಾಲೀಕರು ಊಟಕ್ಕೆ ಹೋದಾಗ ಕೌಂಟರಿಗೆ ಒಬ್ಬ ಗಿರಾಕಿ ಬಂದರು. ‘ಅಕ್ಕಾರ, ನಮ್ಮ ಬಿಲ್ ಬುಕ್ ಆದವೇನ್ರಿ?’ ಎಂದಷ್ಟೇ ಕೇಳಿದರು. ನಾನು ಕಾಗದ ಇಡುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ನಿಂತೆ.

ನನ್ನೊಬ್ಬಳಿಗೆ ಹೀಗಾಯಿತು ಎಂದರೆ ಅದು ಸಾಕ್ಷಿಯಲ್ಲ, ಗೊತ್ತು. ಮುಂದೆ ಧಾರವಾಡದಲ್ಲಿ ನನಗೆ ಚಿಕಿತ್ಸೆ ಕೊಟ್ಟ ಮನಶ್ಶಾಸ್ತ್ರಜ್ಞೆ ಉಳಿದ ಕಥೆ ಹೇಳಿದರು. ಇಸವಿ, ಹೆಸರು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. 2012ರಲ್ಲಿ ಸ್ವೀಡನ್ನಿನ ಪೇರ್ ಕಾರ್ಲ್‌ಬ್ರಿಂಗ್ ಮತ್ತು ಜೊತೆಗಾರರು ಇದೇ ತರಬೇತಿಯನ್ನು ಇಂಟರ್‌ನೆಟ್ ಮೂಲಕ, ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಮಾಡುವಂತೆ 79 ಜನರಿಗೆ ಕೊಟ್ಟು ನೋಡಿದರು. ನಿಜವಾದ ತರಬೇತಿಗೂ ಹುಸಿ ತರಬೇತಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರಿಗೂ ಪರಿಣಾಮ ಸಣ್ಣದಾಗಿಯೇ ಕಂಡಿತು. ಆ ಚುಕ್ಕೆಯ ಅಳತೆಗೋಲು ಕೂಡ ಅಷ್ಟು ಗಟ್ಟಿಯಲ್ಲವಂತೆ, ಒಬ್ಬರನ್ನೇ ಇವತ್ತು ಅಳೆದರೆ ಒಂದು, ನಾಳೆ ಅಳೆದರೆ ಇನ್ನೊಂದು ಬರುತ್ತದೆ. ಕೆಲಸ ಮಾಡುವುದೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ಉಳಿದದ್ದೆಲ್ಲ ಬಿಟ್ಟು ಇದೊಂದನ್ನೇ ಹಿಡಿಯಿರಿ ಎನ್ನಲು ಆಧಾರ ಸಾಲದು.

ಜಾಹೀರಾತಿನ ಬಗ್ಗೆಯೂ ಒಂದು ಮಾತು. ಮೆದುಳಿನ ಆಟಗಳನ್ನು ಮಾರುವ ಲ್ಯೂಮೊಸಿಟಿ ಎಂಬ ಹೆಸರುವಾಸಿ ಆ್ಯಪ್‌ನವರು, ಆಧಾರವಿಲ್ಲದ ಭರವಸೆ ಕೊಟ್ಟ ಆರೋಪದ ಮೇಲೆ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಳ್ಳಬೇಕಾಯಿತು. ನೀವು ಆರೋಗ್ಯದ ಬರಹ ಮತ್ತು ಅದೇ ವಿಷಯದ ಜಾಹೀರಾತನ್ನು ಒಂದೇ ಪುಟದಲ್ಲಿ ಹಾಕಬೇಡಿ. ಪುಟ ಕಟ್ಟುವ ಕೆಲಸ ನನಗೂ ಗೊತ್ತು. ಜಾಗ ಬದಲಿಸಲು ಎರಡು ನಿಮಿಷ ಸಾಕು.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? 2014ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ 101 ಪ್ರಯೋಗಗಳನ್ನು, 13,000ಕ್ಕೂ ಹೆಚ್ಚು ಜನರ ಫಲಿತಾಂಶವನ್ನು ಒಟ್ಟಿಗೆ ತೂಗಿ ನೋಡಿದ ವರದಿ ಬಂತು. ಎದುರುಬದುರು ಕೂತು, ಒಬ್ಬರಿಗೊಬ್ಬರಂತೆ ಕೊಡುವ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಚಿಕಿತ್ಸೆ, ಅದರಲ್ಲಿ ಮುಂದೆ ಬಂತು. ಕೆಲವು ಮಾತ್ರೆಗಳೂ ಚೆನ್ನಾಗಿ ಕೆಲಸ ಮಾಡುತ್ತವೆ ಎಂದೂ ಅದರಲ್ಲಿದೆ. ಅದಕ್ಕೆ ಒಂದು ವರ್ಷ ಮೊದಲೇ ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಇದೇ ಚಿಕಿತ್ಸೆಯನ್ನು ಮೊದಲ ಆಯ್ಕೆಯಾಗಿ ಇಟ್ಟಿತ್ತು.

ಅದಕ್ಕಾಗಿ ನಾನು ಧಾರವಾಡಕ್ಕೆ ಹೋದೆ. 2023ರ ಜುಲೈನಿಂದ ಶನಿವಾರ ಶನಿವಾರ, ಒಟ್ಟು ಹದಿನಾಲ್ಕು ಸಲ, ಒಂದೊಂದು ಸಲ ತೊಂಬತ್ತು ನಿಮಿಷ. ಗದುಗಿನಿಂದ ಅಣ್ಣಿಗೇರಿ ದಾಟಿ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸು. ಹೋಗಲು ಸುಮಾರು 80 ಕಿಲೋಮೀಟರು, ಬರಲು ಅಷ್ಟೇ. ಆ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಹುಬ್ಬಳ್ಳಿಯವರೆಗೆ ಟಿಕೆಟ್ಟಿನ ಖರ್ಚು ಇಲ್ಲವಾಗಿತ್ತು. ಅದಿಲ್ಲದಿದ್ದರೆ ನಾಲ್ಕನೇ ವಾರಕ್ಕೆ ಬಿಟ್ಟುಬಿಡುತ್ತಿದ್ದೆ.

ಮೊದಲ ದಿನ ನಾನು ತಲೆ ಎತ್ತಲಿಲ್ಲ. ಮನಶ್ಶಾಸ್ತ್ರಜ್ಞೆ ನನ್ನ ಭಯದ ಬಗ್ಗೆ ಒಂದೇ ಪ್ರಶ್ನೆ ಕೇಳಿದರು. ‘ಆ ಗಿರಾಕಿ ಬಂದಾಗ ಅವರ ಮುಖದ ಮೇಲೆ ಏನಿತ್ತು?’ ನನಗೆ ಗೊತ್ತಿರಲಿಲ್ಲ. ಅವರು ಗಡ್ಡ ಬಿಟ್ಟಿದ್ದರೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನ್ನ ಕುತ್ತಿಗೆ ಬಿಸಿಯಾದದ್ದು, ನಾಲಿಗೆ ಒಣಗಿದ್ದು, ಬಲಗೈ ಹೆಬ್ಬೆರಳು ಅದುರಿದ್ದು. ಡೇವಿಡ್ ಕ್ಲಾರ್ಕ್, ಏಡ್ರಿಯನ್ ವೆಲ್ಸ್ ಎಂಬ ಇಬ್ಬರು 1995ರಲ್ಲಿ ಬರೆದದ್ದು ಇದನ್ನೇ ಅಂತೆ. ಜನರ ನಡುವೆ ನಿಂತ ಕೂಡಲೇ ನಮ್ಮ ಗಮನ ಒಳಗೆ ತಿರುಗುತ್ತದೆ, ಒಳಗೆ ಅನಿಸಿದ್ದೆಲ್ಲ ಹೊರಗೆ ಕಾಣುತ್ತಿದೆ ಎಂದು ನಂಬುತ್ತೇವೆ. ಮೂರು ತಿಂಗಳು ನಾನು ಪರದೆಯ ಮುಖಗಳ ಮೇಲೆ ಕಣ್ಣು ಪಳಗಿಸಿದ್ದೆ. ನಾನು ಹಗಲೂ ರಾತ್ರಿ ತಿದ್ದುತ್ತಿದ್ದ ಪ್ರೂಫು ನಾನೇ ಆಗಿದ್ದೆ.

ಮೂರನೇ ವಾರ ಅಲ್ಲಿಯ ಇನ್ನೊಬ್ಬ ಮಹಿಳೆಯನ್ನು ಕರೆದು ನನ್ನ ಎದುರು ಕೂಡಿಸಿದರು. ಐದು ನಿಮಿಷ ಮಾತಾಡಬೇಕು, ಮೂಲೆಯಲ್ಲಿ ವಿಡಿಯೊ ನಡೆಯುತ್ತಿರುತ್ತದೆ. ಮೊದಲ ಸಲ ನನ್ನ ಆಸರೆಗಳನ್ನೆಲ್ಲ ಇಟ್ಟುಕೊಂಡೇ ಮಾತಾಡಲು ಹೇಳಿದರು. ಸೆರಗಿನಿಂದ ಕುತ್ತಿಗೆ ಮುಚ್ಚುವುದು, ಕರ್ಚೀಫು ಹಿಂಡುವುದು, ಮಾತನ್ನು ಮನಸ್ಸಿನಲ್ಲಿ ಮೊದಲೇ ಜೋಡಿಸುವುದು, ನೆಲ ನೋಡುವುದು. ಎರಡನೇ ಸಲ ಅವನ್ನೆಲ್ಲ ಬಿಟ್ಟು, ಎದುರಿನವರ ಮಾತಿನ ಮೇಲಷ್ಟೇ ಗಮನ. ಆಮೇಲೆ ಕೇಳಿದರು: ‘ಮುಖ ಎಷ್ಟು ಕೆಂಪಾಗಿತ್ತು ಅನಸ್ತದ?’ ನನಗೆ ಬಾಯಲ್ಲಿ ಹೇಳಲು ಬರಲಿಲ್ಲ. ಮುಂದಿನ ವಾರ ಪ್ರೆಸ್ಸಿನ ಕಲರ್ ಚಾರ್ಟ್ ಒಯ್ದೆ. ಮೆಜೆಂಟಾ, ಅಂದರೆ ಗುಲಾಬಿಗೆಂಪು ಶಾಯಿ ನೂರಕ್ಕೆ 100, ಹಳದಿ 80 ಇರುವ ಚೌಕದ ಮೇಲೆ ಬೆರಳಿಟ್ಟೆ. ಲಗ್ನಪತ್ರಿಕೆಯ ಗಣಪತಿಗೆ ನಾವು ಹಾಕುವ ಕೆಂಪು ಅದು. ಅವರು ವಿಡಿಯೊ ಹಾಕಿ, ನನಗೆ ಅತಿ ಕಷ್ಟವಾದ ಕ್ಷಣದಲ್ಲಿ ನಿಲ್ಲಿಸಿ, ಚಾರ್ಟನ್ನು ಪರದೆಯ ಪಕ್ಕಕ್ಕೆ ಹಿಡಿದರು. ನನ್ನದು ಎಣ್ಣೆಗೆಂಪು ಬಣ್ಣ. ಕೆನ್ನೆ ಇದ್ದ ಹಾಗೇ ಇತ್ತು. ಹದಿನೇಳು ವರ್ಷದ ಅನುಭವದ ಮೇಲೆ ಹೇಳುತ್ತೇನೆ, ಹೆಚ್ಚೆಂದರೆ ಮೆಜೆಂಟಾ ಐದು ಏರಿದ್ದೀತು. ಕೈ ಅದುರಿದ್ದು ಕಂಡಿತು, ಆದರೆ ಹುಡುಕಿದ ಮೇಲೆ. ಆಸರೆ ಹಿಡಿದ ಮೊದಲ ವಿಡಿಯೊದಲ್ಲಿ ಇದ್ದವಳು ಮಾತ್ರ ಬಿಗಿದುಕೊಂಡಿದ್ದಳು, ಎದುರಿನವರ ಮೇಲೆ ಮುನಿಸಿಕೊಂಡವಳ ಹಾಗೆ ಕಾಣುತ್ತಿದ್ದಳು. ಕಪ್ಪು-ಬಸಿಯ ಸದ್ದು ಆವತ್ತು ಯಾಕೆ ಏರುತ್ತ ಹೋಯಿತು ಎಂಬುದು ನನಗೆ ಅಲ್ಲಿ ಅರ್ಥವಾಯಿತು. ಬಿಗಿ ಹಿಡಿದದ್ದಕ್ಕೇ.

ಆಮೇಲೆ ಮನೆಯ ತರಬೇತಿ. ವೆಲ್ಸ್ ಅವರೇ 1990ರಲ್ಲಿ ಪ್ರಕಟಿಸಿದ ಒಂದು ಅಭ್ಯಾಸ ಇದೆ, ಬರೀ ಕೇಳುವುದು. ದಿನಾ ಹನ್ನೆರಡು ನಿಮಿಷ ಒಂದು ಚುಕ್ಕೆಯನ್ನು ನೋಡುತ್ತ ಕೂತು, ಮೊದಲು ಒಂದೊಂದೇ ಸದ್ದಿಗೆ ಕಿವಿ ಕೊಡಬೇಕು, ಆಮೇಲೆ ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಹೊರಳಬೇಕು, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಕೇಳಬೇಕು. ಬೆಟಗೇರಿಯಲ್ಲಿ ಸದ್ದಿಗೇನು ಬರ? ಪಕ್ಕದ ಮನೆಯ ಪವರ್‌ಲೂಮ್, ಅಪ್ಪನ ಕೆಮ್ಮು, ರೊಟ್ಟಿ ಬಡಿಯುವ ಸದ್ದು, ದೂರದಲ್ಲಿ ರೈಲು. ಅಂಜಿಕೆ ಬಂದಾಗ ಓಡಿಹೋಗುವ ದಾರಿಯಾಗಿ ಇದನ್ನು ಬಳಸಬೇಡಿ, ಅಂಜಿಕೆ ಇಲ್ಲದಾಗಲೇ ರೂಢಿ ಮಾಡಿ ಎಂದು ಮನಶ್ಶಾಸ್ತ್ರಜ್ಞೆ ಒತ್ತಿ ಹೇಳಿದ್ದರು. ಎಂಟನೇ ವಾರದ ಹೊತ್ತಿಗೆ ಗಮನವನ್ನು ನನ್ನ ಕುತ್ತಿಗೆಯಿಂದ ಎತ್ತಿ ಎದುರಿನವರ ಮಾತಿನ ಮೇಲೆ ಇಡಲು ಬರತೊಡಗಿತು. ಇದೂ ಗಮನದ ತರಬೇತಿಯೇ. ಆದರೆ ಯಾವಾಗ ಮಾಡಬೇಕು, ಯಾವಾಗ ನಿಲ್ಲಿಸಬೇಕು, ನಾನು ಎಲ್ಲಿ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ನೋಡಲು ಎದುರಿಗೆ ಒಬ್ಬರು ಕೂತಿದ್ದರು.

ಹತ್ತನೇ ವಾರದ ಮನೆಗೆಲಸವನ್ನು ಬರೆಯದೆ ಇರಲಾರೆ. ಗದುಗಿನ ಬಸ್ ನಿಲ್ದಾಣದಲ್ಲಿ ಹತ್ತು ಜನರನ್ನು, ಬೇಕೆಂದೇ ತಡವರಿಸಿ, ‘ಲಕ್ಕುಂಡಿ ಬಸ್ಸು ಎಲ್ಲಿ ನಿಂದರತೈತ್ರಿ?’ ಎಂದು ಕೇಳಬೇಕು. ಎಂಟು ಜನ ನಗುತ್ತಾರೆ ಎಂದು ಮೊದಲೇ ಬರೆದಿಟ್ಟುಕೊಂಡಿದ್ದೆ. ಏಳು ಜನ ಜಾಗ ತೋರಿಸಿದರು. ಒಬ್ಬರಿಗೆ ಗೊತ್ತಿರಲಿಲ್ಲ. ಒಬ್ಬರು ಫೋನಿನಲ್ಲಿದ್ದು ಕೈ ಆಡಿಸಿದರು. ಹತ್ತನೆಯವರು ಒಬ್ಬ ಅಜ್ಜಿ, ‘ಬಾ ಯವ್ವಾ, ನಾನೂ ಅಲ್ಲಿಗೇ ಹೊಂಟೇನಿ’ ಎಂದು ನನ್ನ ಕೈ ಹಿಡಿದು ಬಸ್ಸು ಹತ್ತಿಸಿಯೇಬಿಟ್ಟರು. ಲಕ್ಕುಂಡಿಯವರೆಗೂ ತಮ್ಮ ಮೊಣಕಾಲು ನೋವಿನ ವಿಷಯ ಹೇಳಿದರು. ನಾನು ಕೇಳಿದೆ. ಇಳಿಯುವಾಗ ನೆನಪಾಯಿತು, ದಾರಿಯುದ್ದಕ್ಕೂ ನನ್ನ ಕೈ ನಾನು ನೋಡಿಕೊಂಡಿರಲಿಲ್ಲ.

ಪೂರ್ತಿ ಗುಣವಾಗಿದೆ ಎಂದು ಹೇಳುವುದಿಲ್ಲ. ಕಡಿಮೆ ಪ್ರಮಾಣದ ಮಾತ್ರೆ ಈಗಲೂ ಇದೆ. ಫೋನು ಮಾಡುವ ಮುಂಚೆ ಈಗಲೂ ಒಂದು ಗುಟುಕು ನೀರು ಬೇಕು. ಆದರೆ ಫೋನು ಮಾಡುತ್ತೇನೆ. ನನ್ನ ಕಂಪ್ಯೂಟರು ಈಗ ಕೌಂಟರಿನ ಕಡೆ ತಿರುಗಿದೆ.

ಈಗ ನನ್ನ ಬೇಡಿಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು, ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವವರಲ್ಲಿ ನೂರಕ್ಕೆ 85 ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ. ನಮ್ಮ ಭಾಗಕ್ಕೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ ಎಂಬುದು ದೊಡ್ಡ ಭಾಗ್ಯ. ತಾಲ್ಲೂಕು ಆಸ್ಪತ್ರೆಗಳಲ್ಲಿ, ಮನೋವೈದ್ಯರು ಬಂದು ನೋಡುವ ಮನೋಚೈತನ್ಯದ ಮಂಗಳವಾರಗಳೂ ಇವೆ. ಆದರೆ ಸಾಲಿನಲ್ಲಿ ಅಷ್ಟು ಜನ ಕಾದಿರುವಾಗ ಒಬ್ಬ ಮನೋವೈದ್ಯರು ಒಬ್ಬರಿಗೆ ತೊಂಬತ್ತು ನಿಮಿಷ ಎಲ್ಲಿಂದ ತಂದಾರು? ಅದು ಅವರ ತಪ್ಪಲ್ಲ. ಮಾತ್ರೆ ಬರೆಯುವವರ ಜೊತೆಗೆ, ಕೂತು ಈ ಚಿಕಿತ್ಸೆ ಕೊಡಲು ಕಲಿತವರೂ ಬೇಕು. ಗದಗ, ಹಾವೇರಿಯಂಥ ಜಿಲ್ಲೆಗಳಲ್ಲಿ ಜಿಲ್ಲಾ ಕೇಂದ್ರಕ್ಕೆ ಒಬ್ಬರಲ್ಲ, ಪ್ರತಿ ತಾಲ್ಲೂಕಿಗೆ ಒಬ್ಬರು. ರೋಣದ ಹುಡುಗಿ, ಶಿಗ್ಗಾವಿಯ ಹುಡುಗ ಹದಿನಾಲ್ಕು ಶನಿವಾರ ಧಾರವಾಡಕ್ಕೆ ಬರಲಾರರು. ನಾಳೆ ಈ ಚಿಕಿತ್ಸೆ ಕೊಡುವವರ ಕೈಗೆ ಮುಖ ನೋಡುವ ಆ ತರಬೇತಿಯನ್ನೂ ಕೊಡಿ, ನಮ್ಮ ಕಡೆಯ ಮುಖಗಳನ್ನು ಹಾಕಿ ಮಾಡಿ, ನನ್ನ ವಿರೋಧವಿಲ್ಲ. ಚಿಕಿತ್ಸೆ ಕೊಡುವವರ ಬದಲಿಗೆ ಅದನ್ನು ಕೊಡಬೇಡಿ.

ಶಾಲೆಯ ಗುರುಗಳಿಗೂ ಒಂದು ವಿನಂತಿ. ಈ ಕಾಯಿಲೆ ಬಹುತೇಕ ಶುರುವಾಗುವುದು ಹದಿಹರೆಯದಲ್ಲಿ. ನನಗೆ ಒಂಬತ್ತನೇ ಇಯತ್ತೆಯಲ್ಲಿ, ಗದ್ಯ ಗಟ್ಟಿಯಾಗಿ ಓದಲು ನಿಲ್ಲಿಸಿದ ದಿನ. ಧ್ವನಿ ಹೊರಡದ ಮಗುವನ್ನು ಪೂರ್ತಿ ಪಿರಿಯಡ್ ನಿಲ್ಲಿಸಬೇಡಿ. ಪಕ್ಕದ ಗೆಳತಿಗೆ ಓದಿ ಹೇಳಲು ಬಿಡಿ, ಮರುವಾರ ನಾಲ್ಕು ಜನರಿಗೆ.

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ. ಸಂಖ್ಯೆ 14416, ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ಫೋನಿಗೇ ಅಂಜುವವರ ಪರವಾಗಿ ಮನೆಯವರು ಮಾಡಬಹುದು. ನನ್ನ ಪರವಾಗಿ ಮೊದಲ ಸಲ ಮಾಡಿದ್ದು ಆ್ಯಪ್ ತೋರಿಸಿದ ಅದೇ ಅಕ್ಕನ ಮಗ. ಈ ಸಂಖ್ಯೆಯನ್ನು ಆರೋಗ್ಯದ ಪುಟದಲ್ಲಿ ವಾರವಾರವೂ ಹಾಕಿ.

ಕೊನೆಯದಾಗಿ ಒಂದು ಸಹಾಯ ಬೇಕು. ಚಿಕಿತ್ಸೆಯಲ್ಲಿ ತುಂಬುವ ಹಾಳೆಗಳು ನನಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದವು. ಏನಾಗುತ್ತದೆ ಎಂದುಕೊಂಡಿದ್ದೆ, ಏನಾಯಿತು, ಎಷ್ಟು ಜನ ನೋಡಿದರು ಎಂದೆಲ್ಲ ಬರೆಯುವ ಹಾಳೆಗಳು. ನನ್ನ ಮನಶ್ಶಾಸ್ತ್ರಜ್ಞೆಯ ಒಪ್ಪಿಗೆ ಪಡೆದು ಅವನ್ನು ಕನ್ನಡದಲ್ಲಿ ಬರೆದು, ಎ4 ಅಳತೆಯಲ್ಲಿ ಹದಿನಾಲ್ಕು ಪುಟ ಜೋಡಿಸಿದ್ದೇನೆ. ಅವರು ನೋಡಿ ತಿದ್ದಿಕೊಟ್ಟಿದ್ದಾರೆ. ಯಾವುದೇ ಸರ್ಕಾರಿ ಆಸ್ಪತ್ರೆ ಕೇಳಿದರೆ ಮೊದಲ ಐದುನೂರು ಪ್ರತಿಯ ಅಚ್ಚಿನ ಖರ್ಚು ತಮ್ಮದು ಎಂದು ನಮ್ಮ ಮಾಲೀಕರು ಒಪ್ಪಿದ್ದಾರೆ. ನಿಮ್ಮ ಕಚೇರಿಯ ಮೂಲಕ ಕೇಳಬಹುದು. ಅಂಜಿಕೆಗೆ ಹಿಡಿದುಕೊಳ್ಳುವ ಸೆರಗು, ಕರ್ಚೀಫುಗಳಂಥವಕ್ಕೆ ‘ಆಸರೆ’ ಎಂದು ಹಾಕಿದ್ದೇನೆ, ಅದು ನಿಂತಿದೆ. ಗಮನ ಒಳಗೆ ತಿರುಗುವುದಕ್ಕೆ ಮಾತ್ರ ಒಂದೇ ಪದ ಸಿಕ್ಕಿಲ್ಲ. ‘ಒಳನೋಟ’ ಎಂದರೆ ಬೇರೆ ಅರ್ಥವಾಗುತ್ತದೆ, ‘ತನ್ನತ್ತ ಗಮನ’ ಎಂದರೆ ಹಳ್ಳಿಯ ಹುಡುಗಿಗೆ ಹಿಡಿಸುವುದಿಲ್ಲ. ಓದುಗರಿಗೆ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆದು ತಿಳಿಸಲಿ. ಆರನೇ ಪುಟದಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಇಂತಿ ನಿಮ್ಮ,
ಬೆಟಗೇರಿಯ ಒಬ್ಬ ಡಿಟಿಪಿ ಆಪರೇಟರ್
(ಹೆಸರು, ವಿಳಾಸ ಪ್ರತ್ಯೇಕ ಹಾಳೆಯಲ್ಲಿವೆ. ಮನೆಯ ಹಿರಿಯರ ಸಲುವಾಗಿ ಪ್ರಕಟಿಸಬಾರದೆಂದು ಕೋರಿಕೆ.)